ಬೆನ್ನಿಗೆ ಎರಡು ತಟ್ಟು

ಸಂಸಾರ ಎರಡು ಗಾಲಿಯ ಬಂಡಿ ಎಂದು ಹಿರಿಯರು ಹೇಳುತ್ತಾರೆ. ಆದರೆ ಈ ಅಳಿಯನ ಬಂಡಿಗೆ ಮದುವೆಯಾದ ಮೂರನೆಯ ವರ್ಷ ಇನ್ನೂ ಒಂದು ಗಾಲಿ ಬಂದು ಸೇರಿಕೊಂಡಿತು. ಅದು ಮಾವನ ರೇಸಿನ ಸೈಡ್‌ಕಾರಿನ ಗಾಲಿ.

ಮಾವನಿಗೆ ಲೇತ್ ಮಷೀನಿನ ವರ್ಕ್‌ಶಾಪ್ ಇತ್ತು. ಕಬ್ಬಿಣ ಕಡೆಯುವುದು ಹೊಟ್ಟೆಪಾಡು, ಸೈಡ್‌ಕಾರ್ ಓಡಿಸುವುದು ಹುಚ್ಚು. ಈ ಹುಚ್ಚು ಒಬ್ಬರಿಂದ ಆಗುವಂಥದ್ದಲ್ಲ. ಮೂರು ಗಾಲಿಯ, ಮೊಣಕಾಲೆತ್ತರದ ಆ ಗಾಡಿಯಲ್ಲಿ ಒಬ್ಬರು ಎಂಜಿನ್ನಿನ ಮೇಲೆ ಮಂಡಿಯೂರಿ, ಬಗ್ಗಿ ಓಡಿಸಬೇಕು. ಇನ್ನೊಬ್ಬರಿಗೆ ಎಡಗಡೆ ಒಂದು ಹಲಗೆ, ಹಿಡಿದುಕೊಳ್ಳಲು ನಾಲ್ಕೈದು ಹಿಡಿಕೆ. ಸೀಟಿಲ್ಲ, ಬೆಲ್ಟಿಲ್ಲ, ಬ್ರೇಕಿಲ್ಲ. ಎಡಕ್ಕೆ ತಿರುಗುವಾಗ ಅವರು ಹಲಗೆಯಿಂದ ಆಚೆ, ನೆಲಕ್ಕೆ ಕಿವಿ ತಾಗುವಷ್ಟು ಜೋತುಬೀಳಬೇಕು. ಬಲಕ್ಕೆ ತಿರುಗುವಾಗ ಓಡಿಸುವವರ ಬೆನ್ನ ಹಿಂದೆ ಹತ್ತಿ ಆ ಕಡೆಗೆ ಮೈ ಚೆಲ್ಲಬೇಕು. ಅವರ ತೂಕ ಸರಿಯಾದ ಹೊತ್ತಿಗೆ ಸರಿಯಾದ ಕಡೆ ಇರದಿದ್ದರೆ ಗಾಡಿ ಮಗುಚಿಕೊಳ್ಳುತ್ತದೆ. ಬಹಳ ವರ್ಷ ಆ ಹಲಗೆಯ ಮೇಲೆ ಇದ್ದವರು ಅತ್ತೆಯ ತಮ್ಮ. ಕೊನೆಗೆ ಅವರ ಮಂಡಿ ಕೈಕೊಟ್ಟಿತು.

ಮಾವ ಹೊಸಬರಿಗಾಗಿ ಊರೆಲ್ಲ ಹುಡುಕಿದರು. ಒಬ್ಬನಿಗೆ ಧೈರ್ಯವಿದ್ದರೆ ತೂಕ ಜಾಸ್ತಿ, ಇನ್ನೊಬ್ಬ ಹಗುರವಾಗಿದ್ದರೆ ಒಂದು ಸುತ್ತಿಗೇ ವಾಂತಿ. ಒಂದು ದಿನ ಅತ್ತೆ, "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು ನಿಮ್ಮ ಕಥೆ," ಎಂದುಬಿಟ್ಟರು. ತಮಾಷೆಗೆ ಆಡಿದ ಮಾತು. ಅಳಿಯನ ಕೆಲಸ ಎತ್ತರದ ಕಟ್ಟಡಗಳ ಗಾಜು ಒರೆಸುವುದು. ಹತ್ತನೆಯ ಮಹಡಿಯ ಹೊರಗೆ ಹಗ್ಗಕ್ಕೆ ನೇತಾಡುತ್ತ, ಒಂದು ಕೈಯಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ನೀರು ಎಳೆಯುವ ರಬ್ಬರು ಪಟ್ಟಿ ಹಿಡಿದು, ಒಳಗೆ ಕೂತವರು ಟೀ ಕುಡಿಯುವುದನ್ನು ನೋಡಿಕೊಂಡು ಅವನು ದಿನ ಕಳೆಯುತ್ತಿದ್ದ. ಮೈ ಹಗುರ, ಕೈ ಉಕ್ಕು. ಮಾವ ತಟ್ಟೆಯಿಂದ ತಲೆ ಎತ್ತಿ ಅವನನ್ನು ಮೇಲಿಂದ ಕೆಳಗೆ ಅಳೆದರು, ಸಂತೆಯಲ್ಲಿ ಹೋರಿ ನೋಡುವ ಹಾಗೆ. ಅಳಿಯನಿಗೆ ಇಲ್ಲ ಎನ್ನುವ ಮಾತಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಹೂಂ ಎಂದ.

"ಮದುವೆಗೂ ಹೀಗೇ ಹೂಂ ಅಂದಿರೇನೋ," ಎಂದಳು ಹೆಂಡತಿ.

ಗಾಡಿಗೂ ಮನೆಗೂ ಮಾವನ ಬಾಯಿ ಬೇರೆ ಬೇರೆ. ಮನೆಯಲ್ಲಿ "ಬನ್ನಿ ಅಳಿಯಂದ್ರೆ, ಕೂತ್ಕೊಳ್ಳಿ ಅಳಿಯಂದ್ರೆ." ತಲೆಗೆ ಹೆಲ್ಮೆಟ್ ಏರಿದ ಕೂಡಲೇ "ಲೇ, ಬಗ್ಗೋ! ಇನ್ನೂ ಬಗ್ಗೋ! ನಿಮ್ಮಪ್ಪನ ಮನೆ ಜಗಲಿ ಅಂದ್ಕೊಂಡ್ಯಾ?" ಹೆಲ್ಮೆಟ್ ಇಳಿದರೆ ಮತ್ತೆ ಬಹುವಚನ. ಅಳಿಯನಿಗೆ ಇದರಿಂದ ಬೇಸರವಾಗಲಿಲ್ಲ. ಬಹುವಚನದ ಮಾವನಿಗಿಂತ ಏಕವಚನದ ಮಾವನೇ ಅವನಿಗೆ ಹತ್ತಿರದವರೆನಿಸುತ್ತಿದ್ದರು. ಒಂದೇ ಒಂದು ನಿಯಮವನ್ನು ಮಾತ್ರ ಅವರು ಹೆಲ್ಮೆಟ್ ಇಲ್ಲದೆ, ಮೊದಲ ದಿನವೇ ಎದುರು ಕೂರಿಸಿಕೊಂಡು ಹೇಳಿದ್ದರು.

"ಎಂಜಿನ್ ಗದ್ದಲದಲ್ಲಿ ಮಾತು ಕೇಳಲ್ಲ. ಹಿಂದೆ ಇರೋನು ಬೆನ್ನಿಗೆ ಎರಡು ತಟ್ಟಿದ ಅಂದ್ರೆ ನಾನು ಗಾಡಿ ನಿಲ್ಲಿಸ್ತೀನಿ. ಯಾಕೆ ಅಂತ ಕೇಳಲ್ಲ. ಮುಂದೆ ಇದ್ರೂ ಅಷ್ಟೆ, ಗೆಲ್ತಾ ಇದ್ರೂ ಅಷ್ಟೆ. ಆಮೇಲೆ ಬೇಕಾದ್ರೆ ಜಗಳ ಆಡೋಣ."

ಮೊದಲ ವರ್ಷ ಬೆನ್ನು ತಟ್ಟುವ ಪ್ರಸಂಗ ಬರಲಿಲ್ಲ. ಮಾವ ಆ ರೇಸಿನ ರಸ್ತೆಯನ್ನು ಅಂಗೈ ಗೆರೆಯಂತೆ ಬಲ್ಲವರು. ಗುಡ್ಡಗಳ ನಡುವೆ ಹಾವಿನಂತೆ ಹೊರಳುವ ರಸ್ತೆ ಅದು. ಮರಗಳ ನೆರಳಿರುವ ಕಡೆ ಮಧ್ಯಾಹ್ನದವರೆಗೂ ತೇವ ಆರುವುದಿಲ್ಲ. ತಿರುವುಗಳಿಗೆಲ್ಲ ಓಡಿಸುವವರೇ ಇಟ್ಟ ಹೆಸರು. ಒಳಗೆ ಹೋದರೆ ಬೇಗ ಹೊರಗೆ ಬರಲಾಗದ ಉದ್ದನೆಯ ತಿರುವು "ಅತ್ತೆಮನೆ." ಎಲ್ಲಕ್ಕಿಂತ ಕಠಿಣವಾದದ್ದು "ಬಾವಿ." ನೇರ ರಸ್ತೆಯಲ್ಲಿ ಗಾಡಿ ತನ್ನ ಪೂರ್ತಿ ವೇಗದಲ್ಲಿ ಇರುವಾಗ ರಸ್ತೆ ಒಂದು ದಿಬ್ಬ ಹತ್ತಿ, ಇದ್ದಕ್ಕಿದ್ದಂತೆ ಕೆಳಗೆ ಬಿದ್ದು, ಬೀಳುತ್ತಲೇ ಎಡಕ್ಕೆ ತಿರುಗುತ್ತದೆ. ಮೇಲಿನಿಂದ ಕೆಳಗಿರುವುದು ಕಾಣುವುದಿಲ್ಲ. ಹಾಗಾಗಿ ದಿಬ್ಬಕ್ಕೆ ಮುಂಚೆ ರಸ್ತೆ ಬದಿಯಲ್ಲಿ ಮೂರು, ಎರಡು, ಒಂದು ಎಂದು ಬರೆದ ಹಲಗೆಗಳು, ಬ್ರೇಕ್ ಎಲ್ಲಿ ಹಾಕಬೇಕೆಂದು ತಿಳಿಯಲು. ತಿರುವಿನ ಆಚೆ ದಪ್ಪ ಜಲ್ಲಿಯ ಹಾಸು, ಅದರಾಚೆ ಹಳೆಯ ಟೈರುಗಳನ್ನು ಪೇರಿಸಿ ಕಟ್ಟಿದ ಗೋಡೆ. ದಿಬ್ಬದ ನೆತ್ತಿಯಲ್ಲಿ, ಎರಡೂ ಕಡೆ ಕಾಣುವ ಜಾಗದಲ್ಲಿ, ಬಾವುಟ ಹಿಡಿದು ನಿಲ್ಲುವವರ ಕಟ್ಟೆ.

ಎರಡನೆಯ ವರ್ಷ ಆ ರಸ್ತೆಗೆ ಹೊಸದಾಗಿ ಡಾಂಬರು ಹಾಕಿದರು. ಹಳೆಯ ಉಬ್ಬುತಗ್ಗುಗಳೆಲ್ಲ ಹೋಗಿ ರಸ್ತೆ ಕನ್ನಡಿಯಂತಾಯಿತು. ಎಲ್ಲರೂ ಹಿಗ್ಗಿದರು. ಮಾವ ಮಾತ್ರ ಹಿಗ್ಗಲಿಲ್ಲ.

ಆ ವರ್ಷದ ಮೊದಲ ಪಂದ್ಯಕ್ಕೆ ಮುನ್ನಾದಿನ ಅಭ್ಯಾಸದ ಓಟ ಇತ್ತು. ಆರಂಭದ ಒಂದೆರಡು ಸುತ್ತು ನಿಧಾನವಾಗಿ ಹೋಗಿ, ಆಮೇಲೆ ಮಾವ ಗಾಡಿಯನ್ನು ಬಿಟ್ಟರು. ನೇರ ರಸ್ತೆಯಲ್ಲಿ ಅಳಿಯ ಅವರ ಬೆನ್ನ ಹಿಂದೆ ಮುದುಡಿ ಕೂತು, ಮೊಣಕೈ ಸಂದಿಯಿಂದ ಇಣುಕಿ ನೋಡುತ್ತಿದ್ದ. ದಿಬ್ಬದ ನೆತ್ತಿಯಲ್ಲಿ ಹಳದಿ ಬಾವುಟ ಕಂಡಿತು. ಕಂಡಿತು ಎಂದರೆ ಸಾಲದು, ಬೀಸುತ್ತಿದ್ದವರು ತೋಳು ಕಿತ್ತು ಬರುವ ಹಾಗೆ ಬೀಸುತ್ತಿದ್ದರು. ಮುಂದೆ ಅಪಾಯವಿದೆ, ನಿಧಾನಿಸಿ, ನಿಲ್ಲಲೂ ಸಿದ್ಧರಾಗಿರಿ ಎಂದು ಅದರರ್ಥ. ಮಾವ ಈಗ ವೇಗ ಇಳಿಸುತ್ತಾರೆ ಎಂದುಕೊಂಡ. ಇಳಿಸಲಿಲ್ಲ. ಮೂರರ ಹಲಗೆ ಹೋಯಿತು. ಎರಡರ ಹಲಗೆ ಹೋಯಿತು. ಕೈ ಎತ್ತಿ ಬೆನ್ನು ತಟ್ಟಬೇಕು ಎಂದು ಅವನಿಗೆ ಹೊಳೆಯುವ ಹೊತ್ತಿಗೆ ಒಂದರ ಹಲಗೆಯೂ ಬಂದು, ಬ್ರೇಕ್ ಗುದ್ದಿದಂತೆ ಬಿತ್ತು.

ಕೆಳಗೆ ಜಲ್ಲಿಯಲ್ಲಿ ಒಂದು ಸೈಡ್‌ಕಾರ್ ಹೂತುಕೊಂಡು ನಿಂತಿತ್ತು. ಬಿದ್ದವನನ್ನು ಇಬ್ಬರು ಎಬ್ಬಿಸುತ್ತಿದ್ದರು. ಇನ್ನೊಬ್ಬರು ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ರಸ್ತೆಯ ಅಂಚಿನಲ್ಲಿ, ಚೂರಾಗಿ ಬಿದ್ದಿದ್ದ ಫೈಬರ್ ತುಂಡುಗಳನ್ನು ಆಯುತ್ತಿದ್ದರು. ಮಾವನ ಗಾಡಿ ಹೊರಕ್ಕೆ ಜಾರಿತು. ಅಳಿಯನಿಗೆ ಎಡಕ್ಕೆ ಜೋತುಬೀಳಲು ಹೊತ್ತೇ ಸಿಗಲಿಲ್ಲ; ಮಾವನ ಬೆನ್ನಿಗೆ ಅಂಟಿಕೊಂಡೇ ಇದ್ದ. ಆ ಕಿತ್ತಳೆ ಜಾಕೆಟ್ ಹಿಂದಕ್ಕೆ ನೆಗೆದು ಜಲ್ಲಿಯ ಮೇಲೆ ಅಂಗಾತ ಬಿದ್ದದ್ದನ್ನು ಅವನು ಎಷ್ಟು ಹತ್ತಿರದಿಂದ ನೋಡಿದನೆಂದರೆ, ಕೈ ಚಾಚಿದ್ದರೆ ಮುಟ್ಟಬಹುದಿತ್ತು. ಹೇಗೋ ಗಾಡಿ ಸಾವರಿಸಿಕೊಂಡು ಮುಂದೆ ಹೋಯಿತು.

ಗಾಡಿ ನಿಲ್ಲಿಸುವ ಷೆಡ್ಡಿಗೆ ಬಂದು ಅರ್ಧ ಗಂಟೆಯೂ ಆಗಿರಲಿಲ್ಲ, ಆ ಕಿತ್ತಳೆ ಜಾಕೆಟ್ಟಿನ ಹೆಂಗಸು ಬಂದರು. ವಾರವೆಲ್ಲ ಶಾಲೆಯಲ್ಲಿ ಗಣಿತ ಕಲಿಸಿ, ರಜೆಯ ದಿನ ರೇಸಿನಲ್ಲಿ ಬಾವುಟ ಹಿಡಿಯುವವರು. ಎಲ್ಲರೂ ಟೀಚರ್ ಎಂದೇ ಕರೆಯುತ್ತಿದ್ದರು. ಬೆನ್ನ ಮೇಲೆಲ್ಲ ಜಲ್ಲಿಯ ಧೂಳು, ಮೊಣಕೈಗೆ ಪಟ್ಟಿ.

"ನಿಮಗೇನು ಕಣ್ಣು ಕಾಣಲ್ವಾ?" ಎಂದರು.

ದಾರಿಯಲ್ಲಿ ಹೋಗುವವರೆಲ್ಲ ದಿನಕ್ಕೆ ಹತ್ತು ಸಲ ಬಯ್ಯುವ ಬೈಗುಳ ಅದು. ಯಾರೂ ಅದಕ್ಕೆ ಉತ್ತರ ಬಯಸುವುದಿಲ್ಲ. ಆದರೆ ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಿದ್ದ ಅತ್ತೆಯ ಕೈ ಅಲ್ಲೇ ನಿಂತಿತು. ಮಾವ ಬಟ್ಟೆಯಲ್ಲಿ ಕೈ ಒರೆಸುತ್ತಲೇ ಇದ್ದರು.

"ಹೊಗೆ ಇತ್ತಮ್ಮ. ಮುಂದಿನ ಗಾಡಿ ಹೊಗೆ. ಬಾವುಟ ಕಾಣಿಸಲಿಲ್ಲ. ತಪ್ಪಾಯ್ತು."

ಟೀಚರ್ ಮೊಣಕೈ ಪಟ್ಟಿಯನ್ನು ಬಿಗಿಮಾಡಿಕೊಂಡು ಹೊರಟುಹೋದರು. ಆಮೇಲೆ ಸುರಕ್ಷತೆಯ ಉಸ್ತುವಾರಿ ಸಾಹೇಬರು ಬಂದರು. ಅಗ್ನಿಶಾಮಕ ದಳದಲ್ಲಿ ಇದ್ದು ನಿವೃತ್ತರಾದವರು, ಮಾವನಿಗೆ ಬಹಳ ವರ್ಷದ ಪರಿಚಯ. "ಇಷ್ಟು ವರ್ಷದಲ್ಲಿ ನಿಮ್ಮ ಮೇಲೆ ಒಂದು ದೂರೂ ಇಲ್ಲ. ಅದಕ್ಕೆ ಈ ಸಲ ಎಚ್ಚರಿಕೆ ಅಷ್ಟೆ. ಇನ್ನೊಂದು ಸಲ ಹೀಗಾದ್ರೆ ಮನೆಗೆ," ಎಂದು ಹೇಳಿ ಹೋದರು.

ಹೊಗೆ ಇರಲಿಲ್ಲ. ಅಳಿಯ ಅದೇ ಗಾಡಿಯಲ್ಲಿದ್ದನಲ್ಲ, ಅವನ ಕಣ್ಣಿಗೆ ಗಾಳಿ ತೊಳೆದಿಟ್ಟಂತಿತ್ತು. ಹಳೆಯ ನೆನಪುಗಳು ಈಗ ಅವನ ತಲೆಯಲ್ಲಿ ಸಾಲಾಗಿ ಬಂದು ನಿಂತವು. ಟೈರಿನ ಗಾಳಿ ನೋಡುವಾಗ ಮೀಟರನ್ನು ಅವನ ಕೈಗೆ ಕೊಟ್ಟು "ಎಷ್ಟಿದೆ ಓದಿ ಅಳಿಯಂದ್ರೆ" ಎನ್ನುವುದು. ರಸ್ತೆಯಲ್ಲಿ ವ್ಯಾನ್ ಓಡಿಸುವ ಕೆಲಸವನ್ನು ಅತ್ತೆಗೆ ಬಿಟ್ಟು "ಅವಳಿಗೂ ಅಭ್ಯಾಸ ಆಗ್ಲಿ" ಎನ್ನುವುದು. ಬಿಸಿಲಿಗೆ ಬಂದರೆ ಕಣ್ಣಿಗೆ ಕೈ ಅಡ್ಡ ಹಿಡಿಯುವುದು.

ಅತ್ತೆ ನಲ್ಲಿಯ ಹತ್ತಿರ ಲೋಟ ತೊಳೆಯುತ್ತಿದ್ದರು. ಅಳಿಯ ಹೋಗಿ ಪಕ್ಕದಲ್ಲಿ ನಿಂತ.

"ಅತ್ತೆ, ಮಾವನಿಗೆ..."

"ಆ ಲೋಟ ಇತ್ಲಾಗೆ ಕೊಡಿ ಅಳಿಯಂದ್ರೆ."

ಕೊಟ್ಟ. ಅವರು ಅದನ್ನು ಒಂದು ಸಲ ತೊಳೆದು, ಮತ್ತೊಂದು ಸಲ ತೊಳೆದರು.

"ನಂಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಬೆಳಗ್ಗೆ ಪೇಪರ್ ಹಿಡ್ಕೊಂಡು ಕೂತ್ಕೋತಾರೆ. ಪುಟ ತಿರುಗಿಸೋದೇ ಇಲ್ಲ. ಒಂದ್ಸಲ ಬಾಯಿ ಬಿಟ್ಟು ಕೇಳಿದೆ. ಎರಡು ದಿನ ಮಾತಿಲ್ಲ ಕಥೆಯಿಲ್ಲ. ಅವರಪ್ಪನಿಗೆ ಐವತ್ತಕ್ಕೆಲ್ಲ ಕಣ್ಣು ಹೋಗಿತ್ತು. ಗೋಡೆ ಸವರ್ಕೊಂಡು ಓಡಾಡ್ತಿದ್ರು. ಇವರು ಅದನ್ನ ನೋಡ್ಕೊಂಡೇ ಬೆಳೆದೋರು. ಡಾಕ್ಟರ ಹತ್ರ ಹೋದ್ರೆ ಅದೇ ಹೇಳಿಬಿಡ್ತಾರೆ ಅಂತ ಭಯ."

"ಹಾಗಂತ ನಾಳೆ ಗಾಡಿ..."

"ಗಾಡಿ ಬಿಟ್ರೆ ಒಪ್ಪಿಕೊಂಡ ಹಾಗಾಗುತ್ತಲ್ಲ." ಅತ್ತೆ ನಲ್ಲಿ ನಿಲ್ಲಿಸಿದರು. "ಅವತ್ತು ನನ್ನ ಬಾಯಿ ಸುಮ್ನೆ ಇರಬೇಕಿತ್ತು. ನಿಮ್ಮನ್ನ ಅದಕ್ಕೆ ಹತ್ತಿಸಿದ್ದು ನಾನೇ."

ಅಳಿಯ ಷೆಡ್ಡಿನ ಹಿಂದೆ ಹೋಗಿ ಹೆಂಡತಿಗೆ ಫೋನು ಮಾಡಿದ. ಅವಳು ನಡೆದದ್ದನ್ನೆಲ್ಲ ಕೇಳಿದಳು.

"ರೀ, ನೀವು ನಾಳೆ ಹತ್ತಬೇಡಿ."

"ನಾನು ಹತ್ತದಿದ್ರೆ ಬೇರೆ ಯಾರನ್ನಾದ್ರೂ ಹತ್ತಿಸ್ಕೋತಾರೆ. ಇಲ್ಲಿ ರೇಸಿಗೆ ಬಂದ ಹುಡುಗರಲ್ಲಿ ಹಲಗೆ ಸಿಕ್ರೆ ಸಾಕು ಅನ್ನೋರು ಒಬ್ಬಿಬ್ಬರಾದ್ರೂ ಇರ್ತಾರೆ."

"ಹಾಗಾದ್ರೆ ಬಾಯಿ ಬಿಟ್ಟು ಹೇಳಿ."

"ಮಗಳು ನೀನು, ನೀನು ಹೇಳಬಾರದಾ?"

"ನಾನು ಹೇಳಿದ್ರೆ ಫೋನ್ ಇಡ್ತಾರೆ. ನೀವಾದ್ರೆ ಎದುರಿಗೇ ಇದೀರಿ. ಬೈತಾರೆ, ಬೈಸ್ಕೊಳ್ಳಿ. ಬೈಸ್ಕೊಂಡು ಸತ್ತೋರು ಯಾರೂ ಇಲ್ಲ."

ಬೆಕ್ಕಿಗೆ ಗಂಟೆ ಕಟ್ಟಬೇಕೆಂದು ಎಲ್ಲ ಇಲಿಗಳೂ ಒಪ್ಪಿದವು, ಗಂಟೆ ಮಾತ್ರ ಅಳಿಯನ ಕೈಯಲ್ಲೇ ಉಳಿಯಿತು.

ಮರುದಿನ ಬೆಳಗ್ಗೆ ಅವನು ಮೂರು ಸಲ ಬಾಯಿ ತೆರೆದ. ಮೊದಲ ಸಲ ಮಾವ ಪ್ಲಗ್ ಬಿಚ್ಚುತ್ತಿದ್ದರು, ಸ್ಪ್ಯಾನರ್ ಕೇಳಿದರು, ಕೊಟ್ಟ. ಎರಡನೆಯ ಸಲ ಪಕ್ಕದ ಷೆಡ್ಡಿನವರು ಹರಟೆಗೆ ಬಂದರು. ಮೂರನೆಯ ಸಲ ಮಾವ ಒಬ್ಬರೇ ಒಂದು ಟೈರಿನ ಮೇಲೆ ಕೂತಿದ್ದರು, ಬೂಟಿನ ದಾರ ಕಟ್ಟುತ್ತಿದ್ದರು. ಕಣ್ಣು ಮುಚ್ಚಿ, ಬೆರಳಿನಿಂದಲೇ ಕಟ್ಟುತ್ತಿದ್ದರು. ಅದನ್ನು ನೋಡಿ ಅವನು ತೆರೆದ ಬಾಯಿ ಮುಚ್ಚಿ, ಮಾವನ ಕೈಗವಸು ಎತ್ತಿಕೊಟ್ಟ. ಅಷ್ಟರಲ್ಲಿ ಸಾಲು ನಿಲ್ಲುವ ಸೈರನ್ ಕೂಗಿತು. ಹೆಲ್ಮೆಟ್ ತಲೆಗೇರಿತು. ಹೂಂ ಎಂದು ಅಭ್ಯಾಸವಾದ ಮೈ ತಾನಾಗಿ ಹೋಗಿ ಹಲಗೆ ಹತ್ತಿತು.

ಪಂದ್ಯಕ್ಕೆ ಮುಂಚೆ ಟೈರು ಬಿಸಿಯಾಗಲೆಂದು ಎಲ್ಲರೂ ಒಂದು ಸುತ್ತು ಹೋಗಿ ಬರಬೇಕು. ಆಗಷ್ಟೇ ಒಂದು ಹನಿ ಮಳೆ ಬಿದ್ದು ನಿಂತಿತ್ತು. ಮೋಡ ಸರಿದು ಬಿಸಿಲು ಬಂದಾಗ ಹೊಸ ಡಾಂಬರು ಉಕ್ಕಿನ ತಗಡಿನಂತೆ ಹೊಳೆಯತೊಡಗಿತು. ಅಳಿಯನೇ ಕಣ್ಣು ಕಿರಿದು ಮಾಡಿದ. ಇನ್ನು ಮಾವನ ಗತಿ ಏನು?

ಅತ್ತೆಮನೆ ತಿರುವು ಸುಸೂತ್ರವಾಗಿ ದಾಟಿತು. ನೇರ ರಸ್ತೆ ಸಿಕ್ಕಿತು. ಮಾವ ಹಿಂದೆ ಬಿದ್ದಿದ್ದರೇನೋ, ಮುಂದಿನ ಗಾಡಿಗಳನ್ನು ಹಿಡಿಯಲು ಎಂಜಿನ್ನಿಗೆ ಪೂರ್ತಿ ಕೊಟ್ಟರು. ಮೊಣಕೈ ಸಂದಿಯಿಂದ ಅಳಿಯ ನೋಡಿದ. ದೂರದಲ್ಲಿ ದಿಬ್ಬದ ನೆತ್ತಿಯ ಕಟ್ಟೆಯ ಮೇಲೆ ಟೀಚರ್ ನಿಂತಿದ್ದರು. ಹಳದಿಯ ಮೇಲೆ ಕೆಂಪು ಪಟ್ಟೆಯ ಬಾವುಟ. ರಸ್ತೆ ಜಾರುತ್ತಿದೆ ಎಂದು ಅದರರ್ಥ. ಮುಂದೆ ಹೋದ ಗಾಡಿಗಳೆಲ್ಲ ಅದನ್ನು ನೋಡಿ ವೇಗ ಇಳಿಸಿದ್ದವು. ಮಾವನ ಕೈ ಒಂದು ಕೂದಲೆಳೆಯಷ್ಟೂ ಸಡಿಲವಾಗಲಿಲ್ಲ.

ಅಳಿಯ ಕೈ ಎತ್ತಿದ. ತಟ್ಟಿದ. ಮತ್ತೊಮ್ಮೆ ತಟ್ಟಿದ.

ಮಾವ ಹಿಂತಿರುಗಿ ನೋಡಲಿಲ್ಲ, ಅನುಮಾನಿಸಲಿಲ್ಲ. ಎಂಜಿನ್ನಿನ ಆರ್ಭಟ ಅರ್ಧದಲ್ಲೇ ಕತ್ತರಿಸಿದಂತೆ ಇಳಿಯಿತು. ಗಾಡಿ ಎಡಕ್ಕೆ ಸರಿದು, ಮೂರರ ಹಲಗೆಗೆ ಇನ್ನೂ ಎಷ್ಟೋ ದೂರ ಇರುವಾಗಲೇ ರಸ್ತೆ ಬಿಟ್ಟು ಹುಲ್ಲಿಗೆ ಇಳಿದು, ಕುಲುಕಿ ಕುಲುಕಿ ನಿಂತಿತು. ಹಿಂದೆ ಉಳಿದಿದ್ದ ಒಂದೆರಡು ಗಾಡಿಗಳು ಅವರನ್ನು ದಾಟಿ ಹೋದವು.

ಮಾವ ಇಳಿದು ಹೆಲ್ಮೆಟ್ ತೆಗೆದರು.

"ಏನಾಯ್ತು? ಟೈರಾ? ಚೈನಾ?"

"ಗಾಡಿ ಸರಿಯಾಗಿದೆ ಮಾವ."

"ಮತ್ತೆ? ನಿಂಗೇನಾಯ್ತು? ಕೈ ಹಿಡ್ಕೊಂಡಿತಾ?"

"ಇಲ್ಲ ಮಾವ." ಅಳಿಯ ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. "ಅಲ್ಲಿ ಟೀಚರ್ ಬಾವುಟ ಬೀಸ್ತಿದಾರಲ್ಲ, ಅದು ಯಾವ ಬಾವುಟ ಹೇಳಿ."

ಮಾವ ಕಣ್ಣಿಗೆ ಕೈ ಅಡ್ಡ ಹಿಡಿದು ರಸ್ತೆಯ ಉದ್ದಕ್ಕೆ ನೋಡಿದರು. ಬಲಗಡೆ ನೋಡಿದರು. ಟೀಚರ್ ಇದ್ದದ್ದು ಎಡಗಡೆ.

"ಯಾವ ಟೀಚರ್?" ಎಂದರು.

ಕೇಳಿದ ಮೇಲೆ ಅವರಿಗೇ ತಿಳಿಯಿತು. ಕೈ ಕೆಳಗಿಳಿಯಿತು. ಅಳಿಯ ಬೈಗುಳಕ್ಕೆ ಬೆನ್ನು ಒಡ್ಡಿ ನಿಂತ. ಮಳೆ ಬರುತ್ತದೆಂದು ತಿಳಿದು ಹೆಗಲು ಬಗ್ಗಿಸಿ ನಿಲ್ಲುವ ಎತ್ತಿನ ಹಾಗೆ ನಿಂತ. ಮಾವ ಒದ್ದೆ ಹುಲ್ಲಿನ ಮೇಲೆ ಕುಕ್ಕರಿಸಿ, ಕೈಗವಸು ಒಂದೊಂದಾಗಿ ಎಳೆದು ತೆಗೆದರು.

"ಸದ್ಯ," ಎಂದರು.

ಅಳಿಯನಿಗೆ ಸರಿಯಾಗಿ ಕೇಳಿಸಲಿಲ್ಲ ಎನಿಸಿತು.

"ಸದ್ಯ ಕಣೋ. ಯಾರಾದ್ರೂ ಒಬ್ಬರು ತಟ್ಟಿದ್ರಲ್ಲ." ಅವರು ದೊಡ್ಡದಾಗಿ ಉಸಿರು ಬಿಟ್ಟರು. "ಎರಡು ವರ್ಷ ಆಯ್ತು. ಮೊದಮೊದಲು ದೂರದ್ದು ಮಂಜು ಮಂಜು. ಆಮೇಲೆ ಬಿಸಿಲು ಬಂತು ಅಂದ್ರೆ ಎಲ್ಲ ಬೆಳ್ಳಗೆ. ಆದ್ರೂ ಓಡಿಸ್ತಿದ್ದೆ. ಬಾವಿಗೆ ಮುಂಚೆ ರಸ್ತೇಲಿ ಒಂದು ಉಬ್ಬು ಇತ್ತು ನೆನಪಿದೆಯಾ? ಸೊಂಟಕ್ಕೆ ಒದ್ದ ಹಾಗೆ ಆಗ್ತಿತ್ತಲ್ಲ? ಅದು ಒದ್ದ ಕೂಡಲೇ ಬ್ರೇಕ್ ಹಾಕ್ತಿದ್ದೆ. ಹಲಗೆ ನೋಡ್ತಾನೇ ಇರಲಿಲ್ಲ. ಈಗ ಡಾಂಬರು ಹಾಕಿ ಅದನ್ನೂ ತೆಗೆದುಬಿಟ್ರು. ಮನಸ್ಸಲ್ಲೇ ಎಣಿಸ್ಕೊಂಡು ಬ್ರೇಕ್ ಹಾಕ್ತಿದೀನಿ. ಒಂದ್, ಎರಡ್, ಮೂರ್ ಅಂತ."

ಅಳಿಯನಿಗೆ ಆಗ ಅರ್ಥವಾಯಿತು. ಹೋದ ವರ್ಷವೆಲ್ಲ ತಾನು ಒಂದು ಉಬ್ಬಿನ ನಂಬಿಕೆಯ ಮೇಲೆ ನೆಲಕ್ಕೆ ಕಿವಿ ತಾಗಿಸಿಕೊಂಡು ಹೋಗಿದ್ದ!

"ರೇಸಿನೋರು ವರ್ಷಕ್ಕೊಂದು ಸಲ ಕಣ್ಣು ಪರೀಕ್ಷೆ ಮಾಡಿಸ್ತಾರಲ್ಲ ಮಾವ?"

"ಆ ಅಕ್ಷರದ ಹಲಗೆ ಬಾಯಿಪಾಠ ಮಾಡ್ಕೊಂಡಿದ್ದೆ." ಸ್ವಲ್ಪ ತಡೆದು ಅವರು ಮುಂದುವರಿಸಿದರು. "ನಿನ್ನೆ ಕಿತ್ತಳೆ ಬಣ್ಣದ್ದು ಏನೋ ಒಂದು ಪಕ್ಕದಲ್ಲಿ ಹಾದುಹೋಯ್ತು. ರಸ್ತೇಲಿ ಇಡೋ ಡಬ್ಬ ಅಂದ್ಕೊಂಡೆ. ಆಮೇಲೆ ಆಯಮ್ಮ ಬಂದು ಬೈದಾಗ ಗೊತ್ತಾಯ್ತು, ಅದು ಮನುಷ್ಯರು ಅಂತ."

"ಗೊತ್ತಾದ ಮೇಲೂ ಇವತ್ತು ಯಾಕೆ ಹೊರಟ್ರಿ ಮಾವ?"

"ಗೊತ್ತಿದ್ದೂ ನೀನ್ಯಾಕೆ ಹತ್ತಿದೆ?"

ಎಳೆದೊಯ್ಯುವ ಲಾರಿ ಬರುವವರೆಗೂ ಇಬ್ಬರೂ ಅಕ್ಕಪಕ್ಕ ಹುಲ್ಲಿನ ಮೇಲೆ ಕೂತಿದ್ದರು. ಹೆಲ್ಮೆಟ್ ಕೆಳಗಿಟ್ಟ ಮೇಲೂ ಮಾವ ಏಕವಚನದಲ್ಲೇ ಮಾತಾಡುತ್ತಿದ್ದಾರೆ ಎಂಬುದು ಅಳಿಯನಿಗೆ ಆಮೇಲೆ ಹೊಳೆಯಿತು.

ಅತ್ತ ಷೆಡ್ಡಿನ ಬಳಿ ಅತ್ತೆ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತೇ ಇದ್ದರು. ಎಲ್ಲ ಗಾಡಿಗಳೂ ಬಂದವು, ಇವರದ್ದು ಬರಲಿಲ್ಲ. ಕೊನೆಗೆ ಲಾರಿಯ ಮೇಲೆ ಗಾಡಿ ಕಂಡಿತು. ಅದರ ಮುಂದೆ ಡ್ರೈವರ್ ಪಕ್ಕದಲ್ಲಿ ಎರಡು ತಲೆ ಕಂಡವು, ಎರಡೂ ಅಲುಗಾಡುತ್ತಿದ್ದವು. ಅತ್ತೆ ಸ್ಪ್ಯಾನರ್ ಪೆಟ್ಟಿಗೆಯ ಮೇಲೆ ಧೊಪ್ಪನೆ ಕೂತುಬಿಟ್ಟರು. ಮಾವ ಇಳಿದು ಬಂದು, "ಡಾಕ್ಟರ ಹತ್ರ ಹೋಗೋಣ ಕಣೆ," ಎಂದಾಗ ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು, "ಮೊದಲು ಬ್ರೆಡ್ಡು ತಿನ್ನಿ, ನಿನ್ನೆಯಿಂದ ಯಾರ ಹೊಟ್ಟೆಗೂ ಸರಿಯಾಗಿ ಏನೂ ಬಿದ್ದಿಲ್ಲ," ಎಂದರು. ಎಲ್ಲರಿಗಿಂತ ಹೆಚ್ಚು ತಿಂದವರು ಅವರೇ.

ತಿಂದಾದ ಮೇಲೆ ಮಾವ ತಾವಾಗಿಯೇ ಸಾಹೇಬರ ಕೋಣೆಗೆ ಹೋದರು. ಅಳಿಯನೂ ಹಿಂದೆ ಹೋದ. "ನಿನ್ನೆ ಹೊಗೆ ಇರಲಿಲ್ಲ ಸಾರ್. ನನಗೆ ಕಣ್ಣು ಕಾಣಲ್ಲ. ಪರೀಕ್ಷೆಯ ಅಕ್ಷರದ ಹಲಗೆ ಬಾಯಿಪಾಠ ಮಾಡಿದ್ದೆ," ಎಂದು ಒಂದೇ ಉಸಿರಿಗೆ ಹೇಳಿಬಿಟ್ಟರು. ಸಾಹೇಬರು ಕೈ ಚಾಚಿದರು. ಕಣ್ಣಿನ ಡಾಕ್ಟರು ಸರಿ ಎನ್ನುವವರೆಗೆ ಓಡಿಸುವಂತಿಲ್ಲ ಎಂದು ಲೈಸೆನ್ಸ್ ತೆಗೆದುಕೊಂಡರು. ಆಮೇಲೆ ಎದ್ದು ಬಾಗಿಲವರೆಗೂ ಬಂದು, "ನಿಮ್ಮ ಅಕ್ಷರದ ಹಲಗೆ ಕಥೆ ಕೇಳಿದ ಮೇಲೆ ನಾಳೆಯಿಂದ ಎಲ್ಲರ ಕಣ್ಣೂ ಇನ್ನೊಂದ್ಸಲ ನೋಡಿಸಬೇಕು ಅನ್ಸುತ್ತೆ. ಎಷ್ಟು ಜನ ಉಳೀತಾರೋ," ಎಂದರು.

ಟೀಚರ್ ಪಂದ್ಯ ಮುಗಿಸಿ ಬಾವುಟಗಳನ್ನು ಸುತ್ತಿ ಇಡುತ್ತಿದ್ದರು. ಮಾವ ಅವರೆದುರು ನಿಂತು ಕೈ ಜೋಡಿಸಿದರು. ಎಲ್ಲವನ್ನೂ ಹೇಳಿದರು, ಡಬ್ಬ ಎಂದುಕೊಂಡದ್ದನ್ನೂ ಬಿಡದೆ. ಟೀಚರ್ ಬಾವುಟದ ಕೋಲನ್ನು ಹಿಡಿದುಕೊಂಡೇ ಕೇಳಿದರು.

"ಬೆಳಗ್ಗೆಯಿಂದ ನಿಮ್ಮನ್ನ ಬೈಯೋಕೆ ಅಂತ ಮಾತು ಜೋಡಿಸ್ಕೊಂಡಿದ್ದೆ. ಎಲ್ಲ ಹಾಳು ಮಾಡಿದ್ರಿ," ಎಂದರು. ಆಮೇಲೆ ಅಳಿಯನ ಕಡೆ ತಿರುಗಿ, "ಇವತ್ತು ನೀವು ಅಷ್ಟು ಹಿಂದೆಯೇ ನಿಂತುಬಿಟ್ಟಾಗ ನಂಗೆ ಕಾಲಲ್ಲಿ ಶಕ್ತಿ ಬಂತು. ಅದೇ ಗಾಡಿ ಮತ್ತೆ ಬರ್ತಿದೆ ಅಂತ ನಡುಗ್ತಾ ಇದ್ದೆ," ಎಂದರು.

ಅದೇ ವಾರ ನಾಲ್ವರೂ ಕಣ್ಣಿನ ಆಸ್ಪತ್ರೆಗೆ ಹೋದರು. ಮಾವನನ್ನು ಕೂರಿಸಿ ದೀಪ ಹಾಕಿ, "ಕೊನೆ ಸಾಲು ಓದಿ," ಎಂದು ಡಾಕ್ಟರಮ್ಮ ಹೇಳಿದ್ದೇ ತಡ, ರೇಸಿನವರ ಹಲಗೆಯ ಬಾಯಿಪಾಠ ತಾನಾಗಿ ಹೊರಬಿತ್ತು.

"ಡ, ಪ, ನ, ಟ, ಕ, ವ."

"ಭೇಷ್," ಎಂದರು ಡಾಕ್ಟರಮ್ಮ. "ಆದ್ರೆ ನಾನಿನ್ನೂ ಹಲಗೆ ತೂಗುಹಾಕಿಲ್ಲ. ಅಲ್ಲಿರೋದು ಕ್ಯಾಲೆಂಡರು."

ಹೆಂಡತಿ ನಗು ತಡೆಯಲಾಗದೆ ಹೊರಗೆ ಓಡಿದಳು. ಮಾವ ಕಿವಿಯವರೆಗೂ ಕೆಂಪಾದರು.

ಹನಿ ಹಾಕಿ, ಕಾದು, ಯಂತ್ರದಲ್ಲಿ ಗದ್ದ ಇರಿಸಿ, ಬೆಳಕು ಬಿಟ್ಟು ನೋಡಿದ್ದು ಬಹಳ ಹೊತ್ತು. ಅತ್ತೆಯ ಕೈ ಅಳಿಯನ ತೋಳನ್ನು ಹಿಡಿದಿತ್ತು. ಗಾಡಿಯ ಹಿಡಿಕೆಯನ್ನು ತಾನು ಹಿಡಿಯುವಷ್ಟೇ ಬಿಗಿ ಎಂದು ಅವನಿಗೆ ಅನ್ನಿಸಿತು.

"ಪೊರೆ," ಎಂದರು ಡಾಕ್ಟರಮ್ಮ. "ಎರಡು ಕಣ್ಣಲ್ಲೂ ಇದೆ. ಬಲಗಣ್ಣಲ್ಲಂತೂ ಚೆನ್ನಾಗಿ ಬಲಿತಿದೆ. ಇಷ್ಟು ದಿನ ಏನ್ ಮಾಡ್ತಿದ್ರಿ?"

"ನಮ್ಮಪ್ಪನಿಗೆ ಬಂದಿತ್ತಲ್ಲ..." ಎಂದರು ಮಾವ.

"ನಿಮ್ಮ ಹೆಂಡತಿ ಹೇಳಿದ್ರು. ಅದನ್ನೇ ಇಷ್ಟು ಹೊತ್ತು ಹುಡುಕಿದ್ದು. ಕಣ್ಣಿನ ಒತ್ತಡ ಸರಿಯಾಗಿದೆ, ಹಿಂದಿನ ನರ ಚೆನ್ನಾಗಿದೆ. ಅವರಿಗೆ ಬಂದಿದ್ದು ಬೇರೆ ಏನೋ ಇರಬೇಕು, ನಿಮಗೆ ಅದು ಇಲ್ಲ. ಪೊರೆ ತೆಗೆದು ಲೆನ್ಸ್ ಹಾಕಿದ್ರೆ ಮುಗೀತು. ಬೆಳಗ್ಗೆ ಬಂದ್ರೆ ಸಂಜೆ ಮನೆಗೆ."

"ಇಷ್ಟೇನ?" ಎಂದರು ಮಾವ. ಇನ್ನೊಂದು ಸಲ, ಸ್ವಲ್ಪ ಸಿಟ್ಟಿನಲ್ಲೇ, "ಇಷ್ಟೇನ?" ಎಂದರು. ಎರಡು ವರ್ಷ ಹೊತ್ತು ತಿರುಗಿದ ಬಂಡೆಯನ್ನು ಯಾರೋ ಬಂದು ಅದು ಹತ್ತಿಯ ಮೂಟೆ ಎಂದಂತಾಗಿತ್ತು ಅವರಿಗೆ. ಮೆಟ್ಟಿಲಿಳಿಯುವಾಗ ಅರ್ಧದಲ್ಲಿ ನಿಂತು, ಕಂಬಿ ಹಿಡಿದುಕೊಂಡು, ಹೊಟ್ಟೆ ಅಲುಗುವಂತೆ ನಗತೊಡಗಿದರು. ಮೇಲೆ ಹತ್ತುತ್ತಿದ್ದ ರೋಗಿಗಳು ದಾರಿ ಬಿಟ್ಟು ನಿಂತರು. ಅತ್ತೆ, "ಸಾಕು, ಜನ ನೋಡ್ತಿದಾರೆ," ಎನ್ನುತ್ತಲೇ ತಾವೂ ನಕ್ಕರು.

ಮೊದಲ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಮಾವ ಕೋಣೆಯನ್ನೆಲ್ಲ ಒಂದು ಸುತ್ತು ನೋಡಿದರು. ಗೋಡೆಯ ಬಣ್ಣ ಇಷ್ಟು ಬಿಳಿಯೇ ಎಂದು ಕೇಳಿದರು. ಅತ್ತೆಯ ಮುಖವನ್ನು ತುಂಬ ಹೊತ್ತು ನೋಡಿ ಏನೂ ಹೇಳಲಿಲ್ಲ, ಜಾಣರು. ಕೊನೆಗೆ ಅಳಿಯನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು.

"ಏನ್ರೀ ಅಳಿಯಂದ್ರೆ, ಗಡ್ಡದಲ್ಲಿ ಬಿಳಿ ಕೂದಲು! ನನ್ನ ಮಗಳನ್ನ ಮುದುಕನಿಗೆ ಕೊಟ್ಟುಬಿಟ್ಟೆನಾ?"

"ಅದೆಲ್ಲ ನಿಮ್ಮ ಗಾಡಿ ಹತ್ತಿದ ಮೇಲೆ ಬಂದಿದ್ದು ಮಾವ," ಎಂದ ಅಳಿಯ.

ಎರಡನೆಯ ಕಣ್ಣೂ ಆಗಿ, ಡಾಕ್ಟರಮ್ಮ ಸರಿ ಎಂದು, ಸಾಹೇಬರು ಲೈಸೆನ್ಸ್ ಹಿಂದಿರುಗಿಸಿ, ಮತ್ತೆ ಗಾಡಿ ರಸ್ತೆಗಿಳಿಯುವ ಹೊತ್ತಿಗೆ ಮುಂದಿನ ವರ್ಷವೇ ಬಂದಿತ್ತು. ಅಭ್ಯಾಸದ ದಿನ ಮೊದಲ ಸುತ್ತಿನಲ್ಲೇ ಮಾವ ಬಾವಿಗೆ ಬಹಳ ಮುಂಚೆ, ಮೂರರ ಹಲಗೆಯ ಹತ್ತಿರವೇ ಬ್ರೇಕ್ ಹಾಕಿಬಿಟ್ಟರು. ಎರಡನೆಯ ಸುತ್ತಿನಲ್ಲೂ ಹಾಗೇ. ಹಿಂದೆ ಬಂದವರೆಲ್ಲ ದಾಟಿಕೊಂಡು ಹೋದರು. ಅಳಿಯ ಆರಾಮಾಗಿ ಎಡಕ್ಕೆ ಜೋತುಬಿದ್ದ. ಹುಲ್ಲಿನ ವಾಸನೆ ಮೂಗಿಗೆ ಹತ್ತುವಷ್ಟು ಪುರಸೊತ್ತು ಸಿಕ್ಕಿತು.

ಷೆಡ್ಡಿಗೆ ಬಂದು ಹೆಲ್ಮೆಟ್ ತೆಗೆದ ಮಾವನ ಮುಖ ಬಿಳುಪೇರಿತ್ತು.

"ಅಷ್ಟು ಆಳ ಅನ್ನೋದೇ ಮರೆತುಹೋಗಿತ್ತು ಕಣೋ. ಕಣ್ಣು ಕಾಣದೆ ಅದರೊಳಗೆ ಹಾಗೆ ನುಗ್ತಿದ್ವಾ ನಾವು?"

"ನುಗ್ತಿದ್ವಿ ಮಾವ."

"ನಿಂಗೆ ಭಯ ಆಗ್ತಿರಲಿಲ್ವಾ?"

"ಆಗ್ತಿತ್ತು."

"ಹೇಳಬಾರದಾ!"

ಅತ್ತೆ ಸ್ಟಾಪ್‌ವಾಚ್ ನೋಡಿ, ಈ ಸಲ ಎಲ್ಲರಿಗಿಂತ ಹಿಂದೆ ಎಂದು ಸಂತೋಷದಿಂದ ಸಾರಿದರು. ಮಾವ ತಲೆ ಕೆರೆದುಕೊಂಡು, ನಾಳೆ ಹೊತ್ತಿಗೆ ಎರಡರ ಹಲಗೆಯವರೆಗೆ ಧೈರ್ಯ ಮಾಡಬಹುದೇನೋ ಎಂದರು. ಅಳಿಯ ಈ ಸಲ ಹೂಂ ಎನ್ನಲಿಲ್ಲ. "ನೋಡೋಣ ಮಾವ, ಅವಸರ ಏನಿದೆ," ಎಂದು ಹೇಳಿ, ಅತ್ತೆ ಬಗ್ಗಿಸಿ ಕೊಟ್ಟ ಟೀ ಹಿಡಿದುಕೊಂಡು ಬಿಸಿಲಿಗೆ ಕೂತ.